ದೊತೊರ್ನ್‌ನಲ್ಲಿ ನಾನೇ ಫಸ್ಟ್

ನನ್ನ ಜನ್ಮದಲ್ಲಿ ನಾನು ಒಂದೇ ಒಂದು ಸಲ ಕ್ಲಾಸಿಗೆ ಫಸ್ಟ್ ಬಂದಿದ್ದೇನೆ. ಗಣಿತದಲ್ಲಲ್ಲ, ವಿಜ್ಞಾನದಲ್ಲಲ್ಲ, ಕನ್ನಡದಲ್ಲಂತೂ ಅಲ್ಲವೇ ಅಲ್ಲ. (ಕನ್ನಡದಲ್ಲಿ ಮೂವತ್ತೆಂಟು ಬಂದಿತ್ತು. ಈಗ ವಾರವಾರವೂ ಕನ್ನಡದಲ್ಲೇ ನಿಮ್ಮ ತಲೆ ತಿನ್ನುತ್ತಿದ್ದೇನೆ. ಸೇಡು ಅಂತಲೇ ಅಂದುಕೊಳ್ಳಿ.) ನಾನು ಫಸ್ಟ್ ಬಂದದ್ದು ದೊತೊರ್ನ್‌ನಲ್ಲಿ.

ದೊತೊರ್ನ್ ಅಂದರೆ ಕ್ರಿಸ್ತೋಪದೇಶ. ನಮ್ಮ ಕಡೆಯ ಕ್ರಿಶ್ಚಿಯನ್ನರು ಕೊಂಕಣಿಯಲ್ಲಿ ಅದನ್ನು ಹಾಗೆ ಕರೆಯುತ್ತಾರೆ. ನಾನೋ, ಕ್ರಿಶ್ಚಿಯನ್ ಅಲ್ಲ. ಹೊನ್ನಾವರದ ಕಡಲ ದಂಡೆಯಲ್ಲಿರುವ ಮೀನುಗಾರರ ಖಾರ್ವಿಕೇರಿಯವಳು. ಅಪ್ಪ ತಾಂಡೇಲ, ಅಂದರೆ ದೋಣಿ ನಡೆಸುವ ಮುಖ್ಯಸ್ಥ. ಕೇರಿಯ ದೇವರು ಜಟಗನಿಗೊಂದು ಕಾಯಿ ಒಡೆಯದೆ ದೋಣಿಯನ್ನು ನೀರಿಗಿಳಿಸದ ಮನುಷ್ಯ. ಅಂಥವನ ಮಗಳು ಏಸುವಿನ ಪಾಠದಲ್ಲಿ ಫಸ್ಟ್ ಬಂದರೆ ಮನೆಯಲ್ಲಿ ಏನಾಗಬಹುದು, ನೀವೇ ಊಹಿಸಿ.

ಈ ಕತೆ ಈಗ ಯಾಕೆ ನೆನಪಾಯಿತು ಅಂದರೆ, ಕಳೆದ ತಿಂಗಳು ನಾನು ಕಲಿತ ಹೈಸ್ಕೂಲಿನಿಂದ ಫೋನ್ ಬಂತು. ಸುವರ್ಣ ಮಹೋತ್ಸವವಂತೆ. ಸ್ಮರಣ ಸಂಚಿಕೆಗೆ ಶಾಲೆಯ ಇತಿಹಾಸ ಬರೆದುಕೊಡಬೇಕಂತೆ. ಫೋನ್ ಮಾಡಿದ ಟೀಚರ್ ಪಾಪ, ತುಂಬಾ ವಿನಯದ ಹುಡುಗಿ. ಎರಡೇ ಪುಟ ಸಾಕು ಮೇಡಂ, ಕಟ್ಟಡ ಯಾವಾಗ ಆಯಿತು, ರಿಸಲ್ಟ್ ಎಷ್ಟು ಬರುತ್ತಿತ್ತು, ಕಬಡ್ಡಿ ಶೀಲ್ಡ್ ಎಷ್ಟು ಸಲ ಬಂತು, ಅಷ್ಟಿದ್ದರೆ ಆಯಿತು ಅಂದಳು.

ಕಟ್ಟಡದ ಇತಿಹಾಸ ಬರೆಯುವುದು ಸುಲಭ. ಎಪ್ಪತ್ತರ ದಶಕದ ಶುರುವಿನಲ್ಲಿ ಇಗರ್ಜಿಯ, ಅಂದರೆ ಚರ್ಚಿನ, ಪಕ್ಕದ ಜಾಗದಲ್ಲಿ ಮೂರು ಕೋಣೆ. ಚಿರೆಕಲ್ಲಿನ ಗೋಡೆ, ಮೇಲೆ ಮಂಗಳೂರು ಹೆಂಚು. ಮಳೆಗಾಲದಲ್ಲಿ ಮೂರನೇ ಕೋಣೆಯ ಮಕ್ಕಳೂ ಎರಡನೇ ಕೋಣೆಗೇ ಬಂದು ಕೂರಬೇಕಾಗಿತ್ತು. ಊರು ಆಗಷ್ಟೇ ಮೈಮುರಿದು ಏಳುತ್ತಿತ್ತು. ಹೈವೇಯಲ್ಲಿ ಲಾರಿಗಳ ಸಾಲು, ದೋಣಿಗಳಿಗೆ ಇಂಜಿನ್, ಪೇಟೆಯಲ್ಲಿ ತಿಂಗಳಿಗೊಂದು ಹೊಸ ಅಂಗಡಿ. ಭಟ್ಕಳದ ಕಡೆ ಗಲ್ಫಿಗೆ ಹೋದವರ ಮನೆಗಳು ಒಂದೊಂದಾಗಿ ಮಾಳಿಗೆ ಏರಿಸುತ್ತಿದ್ದವು. ಎಂಬತ್ತು ದಾಟುವ ಹೊತ್ತಿಗೆ ನಮ್ಮ ಶಾಲೆಯ ಮೇಲೂ ಒಂದು ಅಂತಸ್ತು ಬಂತು. ಬರೆದೆ. ಇದರಲ್ಲಿ ಏನಿದೆ? ಎಲ್ಲ ಶಾಲೆಯ ಮೇಲೂ ಒಂದಲ್ಲ ಒಂದು ದಿನ ಅಂತಸ್ತು ಬರುತ್ತದೆ.

ಬರೆಯಬೇಕಾದದ್ದು ಸಿಸ್ಟರ್ ಕ್ರಿಸ್ಪಿನ್ ಬಗ್ಗೆ.

ಸಿಸ್ಟರ್ ಕ್ರಿಸ್ಪಿನ್ ನಮ್ಮ ಹೆಡ್‌ಮಿಸ್ಟ್ರೆಸ್. ಮಂಗಳೂರಿನ ಕಡೆಯವರು. ಗಿಡ್ಡ ಆಳು, ದಪ್ಪ ಕನ್ನಡಕ, ಬಿಳಿ ನಿಲುವಂಗಿ, ಕಪ್ಪು ಬೂಟು. ನಡೆದು ಬರುವ ಸದ್ದಿಗೇ ವರಾಂಡ ತಣ್ಣಗಾಗುತ್ತಿತ್ತು. ಹೊಡೆಯುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ಕನ್ನಡಕದ ಮೇಲಿನಿಂದ ಒಮ್ಮೆ ನೋಡುತ್ತಿದ್ದರು ಅಷ್ಟೆ. ಅದಕ್ಕಿಂತ ಎರಡು ಏಟು ಬಿದ್ದರೇ ವಾಸಿ ಅನ್ನಿಸುತ್ತಿತ್ತು.

ಆದರೆ ನಲ್ಲಿಯ ಹತ್ತಿರ ಒಂದು ಕೆಂಪು ಸಾಬೂನು ಇರುತ್ತಿತ್ತು. ನಾನು ದಿನಾ ಬೆಳಿಗ್ಗೆ ಆಯಿಯ (ನಮ್ಮಲ್ಲಿ ಅಮ್ಮನಿಗೆ ಆಯಿ) ಜೊತೆ ಮೀನುಬುಟ್ಟಿ ಹೊತ್ತು ಪೇಟೆಗೆ ಬಂದು, ಬುಟ್ಟಿ ಇಳಿಸಿ, ಅಲ್ಲಿಂದಲೇ ಶಾಲೆಗೆ ಓಡುತ್ತಿದ್ದೆ. ಮೈಯೆಲ್ಲ ಮೀನಿನ ವಾಸನೆ. ಮೊದಲ ವಾರ ಬೆಂಚಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರು. ಎರಡನೇ ವಾರ ನಲ್ಲಿಯ ಕಟ್ಟೆಯ ಮೇಲೆ ಕರಟದಲ್ಲಿ ಕೆಂಪು ಸಾಬೂನು ಬಂದು ಕೂತಿತ್ತು. ಇಟ್ಟವರು ಯಾರು ಅಂತ ಯಾರೂ ಹೇಳಲಿಲ್ಲ. ಮುಗಿದ ಹಾಗೆ ಹೊಸದು ಬರುತ್ತಿತ್ತು. ನಾನು ಮುಖ, ಕೈಕಾಲು ತಿಕ್ಕಿ ತೊಳೆದು ಕ್ಲಾಸಿಗೆ ಹೋಗುತ್ತಿದ್ದೆ. ಹಣೆಯ ಕುಂಕುಮವೂ ತೊಳೆದು ಹೋಗುತ್ತಿತ್ತು. ಈ ಕುಂಕುಮದ ವಿಷಯ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಕೇರಿಯಿಂದ ಹೈಸ್ಕೂಲು ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನು. ಹೆಮ್ಮೆಯಿಂದ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಆಗ ಹೆಮ್ಮೆಯಾಗಿರಲಿಲ್ಲ, ಜೀವ ಹೋಗುತ್ತಿತ್ತು. ಮನೆಯಲ್ಲಿ ಕೊಂಕಣಿ. ಕೇರಿಯ ಪ್ರೈಮರಿ ಶಾಲೆಯಲ್ಲಿ ಹೆಸರಿಗೆ ಕನ್ನಡ, ಮಾಸ್ತರರು ಪಾಠ ಮಾಡುತ್ತಿದ್ದದ್ದು ಮುಕ್ಕಾಲುಪಾಲು ಕೊಂಕಣಿಯಲ್ಲೇ. ಹೈಸ್ಕೂಲಿಗೆ ಬಂದರೆ ಎಲ್ಲವೂ ದೊಡ್ಡ ದೊಡ್ಡ ಕನ್ನಡ. ಪಕ್ಕದ ಬೆಂಚಿನಲ್ಲಿ, ಸಂಬಂಧಿಕರ ಮನೆಯಲ್ಲಿ ಉಳಿದು ಕಲಿಯಲು ಬಂದಿದ್ದ ಕತಗಾಲದ ಹುಡುಗಿಯೊಬ್ಬಳಿದ್ದಳು. ನಾನು ಬಾಯಿ ಬಿಟ್ಟಾಗಲೆಲ್ಲ ತನ್ನ ಹವ್ಯಕ ಕನ್ನಡದಲ್ಲಿ, "ನೀ ಎಂತ ಹೇಳ್ತೆ ಹೇಳಿ ಯಂಗೆ ಗೊತ್ತಾಗ್ತಿಲ್ಲೆ" ಅನ್ನುತ್ತಿದ್ದಳು. (ಅವಳು ಹೇಳಿದ್ದು ನನಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವಳಿಗೆ ಜೊತೆಗಾರರಿದ್ದರು, ನನಗಿರಲಿಲ್ಲ.) ನಾನು ಬಾಯಿ ಬಿಡುವುದನ್ನೇ ನಿಲ್ಲಿಸಿದೆ.

ನನ್ನ ಬೆಂಚಿನಲ್ಲಿ ಕೊಂಕಣಿ ಮಾತಾಡುತ್ತಿದ್ದವಳು ಒಬ್ಬಳೇ, ಫಿಲೋಮಿನಾ. ನಮ್ಮ ಫಿಲ್ಲು. ಅವಳ ಕೊಂಕಣಿ ಬೇರೆ ತರ, ನನ್ನದು ಬೇರೆ ತರ, ಆದರೂ ಕೊಂಕಣಿ ಕೊಂಕಣಿಯೇ. ಅವಳು ಎಲ್ಲಿ ಹೋದರೆ ನಾನೂ ಅಲ್ಲಿ. ವಾರಕ್ಕೆ ಎರಡು ದಿನ ಕೊನೆಯ ಪಿರಿಯಡ್‌ನಲ್ಲಿ ಕ್ಲಾಸು ಎರಡು ಪಾಲಾಗುತ್ತಿತ್ತು. ಕ್ರಿಶ್ಚಿಯನ್ ಮಕ್ಕಳಿಗೆ ದೊತೊರ್ನ್, ಉಳಿದವರಿಗೆ ನೀತಿಪಾಠ. ಯಾರು ಎಲ್ಲಿಗೆ ಅಂತ ಮೊದಲ ದಿನವೇ ಹೇಳಿದ್ದರಂತೆ. ದೊಡ್ಡ ಕನ್ನಡದಲ್ಲಿ ಹೇಳಿದ್ದರೋ ಏನೋ, ನನಗೆ ತಿಳಿಯಲಿಲ್ಲ. ಫಿಲ್ಲು ಎದ್ದಳು, ನಾನೂ ಎದ್ದೆ.

ಆ ಕೋಣೆಗೆ ಕಾಲಿಟ್ಟರೆ, ಟೀಚರ್ ಕೊಂಕಣಿಯಲ್ಲಿ ಪಾಠ ಮಾಡುತ್ತಿದ್ದಾರೆ! ಹೈಸ್ಕೂಲಿಗೆ ಸೇರಿದ ಮೇಲೆ ಮೊದಲ ಸಲ ಒಂದು ಇಡೀ ವಾಕ್ಯ ನನಗೆ ಅರ್ಥವಾಯಿತು. ಆ ಖುಷಿಯನ್ನು ಹೇಗೆ ಹೇಳಲಿ? ದೋಣಿಯಿಂದಿಳಿದ ಮೇಲೆ ಕಾಲಿಗೆ ನೆಲ ಸಿಕ್ಕ ಹಾಗಾಯಿತು. ಟೀಚರ್ ಪ್ರಶ್ನೆ ಕೇಳಿದರು. ಕೈ ಎತ್ತಿದೆ. ಉತ್ತರ ಹೇಳಿದೆ. ಶಾಬಾಸ್ ಅಂದರು. ಅಷ್ಟೇ, ಆ ಕೋಣೆ ಬಿಟ್ಟು ಕದಲಲಿಲ್ಲ.

ಅದು ಬೇರೆಯವರ ದೇವರ ಪಾಠ ಅಂತ ಗೊತ್ತಾಗಲಿಲ್ಲವೇ ಅಂತ ಕೇಳುತ್ತೀರಿ. ಎರಡು ವಾರದಲ್ಲೇ ಗೊತ್ತಾಯಿತು. ಆಗಲಾದರೂ ಎದ್ದು ಬರಬಹುದಿತ್ತಲ್ಲ? ಬರಬಹುದಿತ್ತು. ಬರಲಿಲ್ಲ. ವಾರಕ್ಕೆ ಎರಡು ದಿನ ನಾನು ದಡ್ಡಿಯಾಗಿರದ ಜಾಗ ಅದೊಂದೇ.

ಹಾಗಾದರೆ ಟೀಚರುಗಳಿಗೆ? ದೊತೊರ್ನ್ ಕಲಿಸುತ್ತಿದ್ದವರು ಶಾಲೆಯ ಟೀಚರಲ್ಲ, ಇಗರ್ಜಿಯಿಂದ ಬರುತ್ತಿದ್ದ ವಯಸ್ಸಾದ ಹೆಂಗಸು. ಹಾಜರಿ ತೆಗೆಯುವ ರೂಢಿ ಅವರಿಗಿರಲಿಲ್ಲ. ಕೊಂಕಣಿ ಮಾತಾಡುತ್ತಾಳೆ, ಹಣೆಯಲ್ಲಿ ಕುಂಕುಮವಿಲ್ಲ (ಹೇಳಿದ್ದೆನಲ್ಲ!), ನಮ್ಮವಳೇ ಇರಬೇಕು ಅಂದುಕೊಂಡರು. ನೀತಿಪಾಠದ ಟೀಚರು ನನ್ನನ್ನು ದೊತೊರ್ನ್‌ನವಳು ಅಂದುಕೊಂಡರು. ಹೀಗೆ ಜೂನ್‌ನಿಂದ ಮಾರ್ಚ್‌ವರೆಗೆ ನಾನು ಇಬ್ಬರ ನಡುವೆ ನುಸುಳಿಕೊಂಡು ಬಾಯಿಪಾಠ ಮಾಡಿದ್ದೇ ಮಾಡಿದ್ದು.

ವರ್ಷದ ಕೊನೆಗೆ ಪರೀಕ್ಷೆ. ಉತ್ತರಪತ್ರಿಕೆಯಲ್ಲಿ ಹೆಸರಿಲ್ಲ, ನಂಬರ್ ಮಾತ್ರ. ಒಂದು ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ಸಿಸ್ಟರ್ ಕ್ರಿಸ್ಪಿನ್ ಬಹುಮಾನದ ಪಟ್ಟಿ ಓದಿದರು. ಎಂಟನೇ ಕ್ಲಾಸು, ದೊತೊರ್ನ್, ಫಸ್ಟ್, ನಂಬರ್ ಇಪ್ಪತ್ತಮೂರು. ಹಾಜರಿ ಪುಸ್ತಕ ತರಿಸಿ ನೋಡಿದರು. ಕನ್ನಡಕದ ಮೇಲಿನಿಂದ ನೇರವಾಗಿ ನನ್ನನ್ನೇ ನೋಡಿದರು.

ಸತ್ತೆ ಅಂದುಕೊಂಡೆ. ಅವರು ನನ್ನ ಹೆಸರನ್ನೇ ಕರೆದರು. ಹೋದೆ. ಇಗರ್ಜಿಯವರು ಬಹುಮಾನಕ್ಕೆ ಅಂತ ಕೊಟ್ಟಿದ್ದ ಜಪಸರದ ಡಬ್ಬಿ ಮೇಜಿನ ಮೇಲಿತ್ತು. ಸಿಸ್ಟರ್ ಅದಕ್ಕೆ ಕೈ ಹಾಕಿದವರು ಕೈ ಹಿಂದೆ ತೆಗೆದು, ಸಹಿ ಹಾಕುತ್ತಿದ್ದ ತಮ್ಮ ಫೌಂಟನ್ ಪೆನ್ನನ್ನೇ ನನ್ನ ಕೈಗಿಟ್ಟರು. ಇಡೀ ಶಾಲೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಫಿಲ್ಲು.

ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಆದರೆ ಫಿಲ್ಲುವಿನ ಅತ್ತೆ ಮೀನುಪೇಟೆಯಲ್ಲಿ ಆಯಿಯನ್ನು ಕಂಡು, ಪಾಪ, ಖುಷಿಯಿಂದಲೇ ಹೇಳಿದ್ದಾಳೆ, ನಿನ್ನ ಮಗಳು ದೊತೊರ್ನ್‌ನಲ್ಲಿ ಫಸ್ಟಂತೆ, ನಮ್ಮ ಮಕ್ಕಳನ್ನೆಲ್ಲ ಹಿಂದೆ ಹಾಕಿದಳಂತೆ ಅಂತ. ಸಂಜೆಯ ಹೊತ್ತಿಗೆ ಇಡೀ ಕೇರಿಗೆ ಗೊತ್ತಾಯಿತು. ಅಪ್ಪ ಬಲೆ ಹೆಣೆಯುತ್ತ ಕೂತ. ಮಾತಾಡಿದವನು ದೊಡ್ಡಪ್ಪ. ಮೀನು ಹರಾಜು ಕೂಗುತ್ತಿದ್ದ ಗಂಟಲು ಅವನದು, ಪಿಸುಮಾತಾಡಿದರೂ ಹತ್ತು ಮನೆಗೆ ಕೇಳುತ್ತಿತ್ತು. ಹೆಣ್ಣುಮಗಳಿಗೆ ಹೈಸ್ಕೂಲು ಬೇಡ ಅಂತ ಮೊದಲೇ ಹಟ ಹಿಡಿದವನು. ಈಗ ಕೇಳಬೇಕೆ?

"ಇವತ್ತು ಬಾಯಿಪಾಠ ಮಾಡ್ತು, ನಾಳೆ ಇಗರ್ಜಿಗೆ ಹೋಗ್ತು. ಕಲ್ತದ್ದು ಸಾಕು, ಆತು" ಅಂದ.

ಅಪ್ಪ ತಲೆಯೆತ್ತಲಿಲ್ಲ, ಬೇಡ ಅನ್ನಲೂ ಇಲ್ಲ. ಮರುದಿನ ಬೆಳಿಗ್ಗೆ ಬುಟ್ಟಿ ಹೊತ್ತು ಪೇಟೆಗೆ ಹೋದೆ, ಬುಟ್ಟಿ ಇಳಿಸಿದೆ, ಆಯಿಯ ಜೊತೆಗೇ ಮನೆಗೆ ಬಂದೆ. ಅದರ ಮರುದಿನವೂ ಅಷ್ಟೇ. ನನ್ನ ವಾರಗೆಯ ಹುಡುಗಿಯರು ಒಣಮೀನು ಹರಡುವ ಕೆಲಸಕ್ಕೆ ಹೋಗುತ್ತಿದ್ದರು. ಸೋಮವಾರದಿಂದ ನೀನೂ ಬಾ ಅಂತ ಕರೆದರು. ನಾನು ಪೆನ್ನನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟು ಬಿಕ್ಕಿ ಬಿಕ್ಕಿ ಅತ್ತೆ.

ಭಾನುವಾರ. ಇಗರ್ಜಿಯ ಪೂಜೆ ಮುಗಿಸಿ ಸಿಸ್ಟರ್ ಕ್ರಿಸ್ಪಿನ್ ಕೇರಿಗೆ ಬಂದರು. ಜೀಪಿಲ್ಲ, ರಿಕ್ಷಾ ಇಲ್ಲ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಆ ನಿಲುವಂಗಿ ತೊಟ್ಟು, ಬೂಟಿನ ತುಂಬ ಮರಳು ತುಂಬಿಕೊಂಡು, ಒಬ್ಬರೇ. ಕೇರಿಯ ನಾಯಿಗಳಿಗೆ ಅಂಥ ಬಿಳಿಯ ವೇಷವನ್ನು ನೋಡಿ ಅಭ್ಯಾಸವಿರಲಿಲ್ಲ, ಊರಿಗೆಲ್ಲ ಸುದ್ದಿ ಮುಟ್ಟಿಸಿದವು. ಅಪ್ಪ, ದೊಡ್ಡಪ್ಪ, ಇನ್ನೂ ನಾಲ್ಕಾರು ಗಂಡಸರು ಚಪ್ಪರದ ನೆರಳಿನಲ್ಲಿ ಬಲೆ ಸರಿಮಾಡುತ್ತಿದ್ದರು. ಆಯಿ ಗಡಬಡಿಸಿ ಒಂದು ಮಣೆ ತಂದಳು. ಸಿಸ್ಟರ್ ಮಣೆಯ ಮೇಲೆ ಕೂತು, ಬೂಟು ಬಿಚ್ಚಿ, ಮರಳು ಸುರಿದು, ಮತ್ತೆ ಹಾಕಿಕೊಂಡರು. ಆಮೇಲೆ ಮಾತು. (ಎಲ್ಲ ನಡೆದದ್ದು ಕೊಂಕಣಿಯಲ್ಲಿ. ನಿಮಗಾಗಿ ಕನ್ನಡ ಮಾಡಿದ್ದೇನೆ.)

"ತಾಂಡೇಲರೇ, ತಪ್ಪು ಶಾಲೆಯದ್ದು. ಒಂದು ವರ್ಷ ಇವಳು ಯಾವ ಕೋಣೆಯಲ್ಲಿ ಕೂತಿದ್ದಾಳೆ ಅಂತ ನಾನು ನೋಡಲಿಲ್ಲ. ಅದನ್ನು ಹೇಳಲಿಕ್ಕೆ ಬಂದೆ" ಅಂದರು.

ದೊಡ್ಡವರು, ಅದೂ ಕಲಿತವರು, ಕೇರಿಗೆ ಬಂದು ತಪ್ಪು ನಮ್ಮದು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೂ ಹೆಚ್ಚು ಸಲ ಕೇಳಿಲ್ಲ. ಅಪ್ಪನ ಕೈ ನಿಂತಿತು.

"ಎಂತ ಕಲಿಸಿದ್ರಿ ಅಕ್ಕೋರೇ, ನನ್ನ ಮಗಳಿಗೆ?" ಅಂತ ಕೇಳಿದ. ನಮ್ಮ ಕಡೆ ಟೀಚರಮ್ಮನನ್ನು ಹಾಗೆಯೇ ಕರೆಯುವುದು.

ಸಿಸ್ಟರ್ ನನ್ನತ್ತ ತಿರುಗಿದರು. "ನಾನು ಹೇಳಿದರೆ ಚೆನ್ನಾಗಿರುವುದಿಲ್ಲ. ಅವಳೇ ಹೇಳಲಿ. ಹತ್ತು ಕಟ್ಟಳೆ ಹೇಳಮ್ಮ."

ದೇವರು ಮನುಷ್ಯರಿಗೆ ವಿಧಿಸಿದ ಹತ್ತು ಕಟ್ಟಳೆಗಳು. ದೊತೊರ್ನ್‌ನಲ್ಲಿ ಅದೇ ಮುಖ್ಯ, ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ. ಬಾಯಿ ತೆರೆದೆ. ತೆರೆದವಳು ಹಾಗೇ ತಡೆದೆ. ಯಾಕೆಂದರೆ ಮೊದಲನೆಯ ಕಟ್ಟಳೆಯೇ, ನನ್ನ ಹೊರತು ಬೇರೆ ದೇವರು ನಿನಗಿರಬಾರದು ಅಂತ. ಎದುರಿಗೆ ದೊಡ್ಡಪ್ಪ. ಹಿಂದೆ ಇಪ್ಪತ್ತು ಮಾರು ದೂರದಲ್ಲಿ ಜಟಗನ ಕಟ್ಟೆ. ಆ ಒಂದು ಮಾತು ಬಾಯಿಂದ ಹೊರಬಿದ್ದರೆ ಶಾಲೆಗೂ ನನಗೂ ಅಲ್ಲಿಗೆ ಮುಗಿಯಿತು.

ನಾನು ಎರಡನೆಯದರಿಂದ ಶುರು ಮಾಡಿದೆ.

ದೇವರ ಹೆಸರನ್ನು ಸುಮ್ಮಸುಮ್ಮನೆ ಎತ್ತಬಾರದು. ಗಂಡಸರು ತಲೆಯಾಡಿಸಿದರು. ಹಬ್ಬದ ದಿನ ಕೆಲಸಕ್ಕೆ ಹೋಗದೆ ದೇವರನ್ನು ನೆನೆಯಬೇಕು. ಆಗಲಿ, ನಾವೂ ಹುಣ್ಣಿಮೆಗೆ ದೋಣಿ ಇಳಿಸುವುದಿಲ್ಲವಲ್ಲ ಅಂದ ಒಬ್ಬ. ಅಪ್ಪ ಅಮ್ಮನನ್ನು ಗೌರವಿಸಬೇಕು. ಆಯಿ ಕಣ್ಣೊರೆಸಿಕೊಂಡಳು. ಕೊಲ್ಲಬಾರದು ಅಂದಾಗ ಮಾತ್ರ ಅಪ್ಪ ತಡೆದ.

"ಮೀನು?" ಅಂದ. ಗಾಬರಿ ಅವನಿಗೆ.

"ಮೀನು ಲೆಕ್ಕಕ್ಕಿಲ್ಲ. ಇಲ್ಲದಿದ್ದರೆ ಶುಕ್ರವಾರ ನಮಗೆ ಊಟವಿಲ್ಲ" ಅಂದರು ಸಿಸ್ಟರ್. ಶುಕ್ರವಾರ ಅವರು ಮಾಂಸ ತಿನ್ನುವುದಿಲ್ಲ, ಕಾನ್ವೆಂಟಿನ ಹಿಂಬಾಗಿಲಿಗೆ ಮೀನು ಕೊಡುತ್ತಿದ್ದವಳು ನಮ್ಮ ಆಯಿಯೇ. ಎಲ್ಲರೂ ನಕ್ಕರು. ದೊಡ್ಡಪ್ಪನೊಬ್ಬ ಬಿಟ್ಟು.

ನಾನು ಮುಂದುವರಿಸಿದೆ. ಮುಂದುವರಿಸುತ್ತಲೇ ನೋಡಿದೆ, ಸಿಸ್ಟರ್ ಮಡಿಲಲ್ಲಿ ಕೈಯಿಟ್ಟುಕೊಂಡು ಬೆರಳು ಮಡಿಸುತ್ತಿದ್ದಾರೆ. ಒಂದೊಂದು ಕಟ್ಟಳೆಗೆ ಒಂದೊಂದು ಬೆರಳು. ಕದಿಯಬಾರದು, ಸುಳ್ಳು ಹೇಳಬಾರದು, ಇನ್ನೊಬ್ಬರ ಮನೆಯದ್ದಕ್ಕೆ ಆಸೆಪಡಬಾರದು. ಎಲ್ಲ ಮುಗಿದು ನಾನು ಬಾಯಿ ಮುಚ್ಚಿದಾಗ ಒಂಬತ್ತು ಬೆರಳು ಮಡಚಿಕೊಂಡಿದ್ದವು. ಒಂದು ಕಿರುಬೆರಳು ಎದ್ದು ನಿಂತಿತ್ತು. ಸಿಸ್ಟರ್ ಅದನ್ನು ನೋಡಿದರು. ನನ್ನನ್ನು ನೋಡಿದರು. ಅವರಿಗೆ ಗೊತ್ತಾಗಿದೆ.

"ಇಷ್ಟೆಯಾ?" ಅಂದ ದೊಡ್ಡಪ್ಪ.

ಅವರು ತಮ್ಮ ದೇವರಿಗೇ ಬದುಕು ಕೊಟ್ಟುಕೊಂಡ ಹೆಂಗಸು. ನಾನು ಬಿಟ್ಟದ್ದು ಸಣ್ಣದೊಂದನ್ನಲ್ಲ, ಎಲ್ಲದಕ್ಕೂ ಮೊದಲನೆಯದನ್ನು. ಸಿಸ್ಟರ್ ಆ ಕಿರುಬೆರಳನ್ನು ತಾವೇ ಮಡಿಸಿಕೊಂಡರು.

"ಇವಳಿಗೆ ಇಷ್ಟು ಸಾಕು" ಅಂದರು.

ಅಪ್ಪ ಬಲೆ ಕೆಳಗಿಟ್ಟ. ಇದರಲ್ಲಿ ನಮಗೆ ಬೇಡದ್ದು ಎಂಥದ್ದೂ ಇಲ್ಲ ಅಂದ. ಆದರೂ ಇನ್ನು ಆ ಕ್ಲಾಸಿಗೆ ಕೂರಿಸಬಾರದು ಅಂದ. ಸಿಸ್ಟರ್ ಮಾತು ಕೊಟ್ಟರು. "ಶಾಲೆಗೆ?" ಅಂತ ಕೇಳಿದರು. ದೊಡ್ಡಪ್ಪ ಏನೋ ಹೇಳಲು ಗಂಟಲು ಸರಿಮಾಡಿಕೊಂಡ. ಅಪ್ಪ ಅಣ್ಣನ ಎದುರು ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನಾಳೆ ಬತ್ತಾಳೆ" ಅಂದ.

ಹೊರಡುವ ಮುಂಚೆ ಸಿಸ್ಟರ್ ನನ್ನನ್ನು ಕರೆದು, ಅಲ್ಲ ಮಗಾ, ಅಲ್ಲಿಗೆ ಯಾಕೆ ಹೋಗಿ ಕೂರುತ್ತಿದ್ದೆ ಅಂತ ಕೇಳಿದರು. ಅಲ್ಲಿ ಮಾತ್ರ ನನಗೆ ಅರ್ಥ ಆಗುತ್ತಿತ್ತು ಅಂದೆ. ಅವರು ನಡೆದುಬಿಟ್ಟರು.

ಮುಂದಿನ ಜೂನ್‌ನಲ್ಲಿ ಎಂಟನೇ ಕ್ಲಾಸಿಗೆ ಹೊಸ ಪದ್ಧತಿ ಬಂತು. ಮೊದಲ ಮೂರು ತಿಂಗಳು ಯಾವ ಪಾಠವನ್ನಾದರೂ ಕನ್ನಡದಲ್ಲಿ ಹೇಳಿ, ತಿಳಿಯದವರಿಗೆ ಕೊಂಕಣಿಯಲ್ಲಿ ಮತ್ತೊಮ್ಮೆ ಹೇಳಬೇಕು. ಹಾಸ್ಟೆಲಿನಲ್ಲಿದ್ದ ಭಟ್ಕಳದ ಇಬ್ಬರು ಹುಡುಗಿಯರಿಗಾಗಿ, ಅವರ ಮನೆಮಾತು ನವಾಯತಿಯನ್ನು ಬಲ್ಲ ದೊಡ್ಡ ಕ್ಲಾಸಿನ ಹುಡುಗಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿದರು. ಇದು ಯಾವ ಇಲಾಖೆಯ ಆದೇಶವೂ ಅಲ್ಲ. ಇನ್‌ಸ್ಪೆಕ್ಟರ್ ಬಂದು ಇದೆಂಥದು ಅಂತ ಹುಬ್ಬು ಗಂಟಿಕ್ಕಿದಾಗ, ಸಿಸ್ಟರ್ ಕನ್ನಡಕದ ಮೇಲಿನಿಂದ ನೋಡಿದರಂತೆ. ಬಂದವರು ಚಹಾ ಕುಡಿದು ಹೋದರಂತೆ. ಆ ವರ್ಷ ನಮ್ಮ ಕೇರಿಯಿಂದ ನಾಲ್ಕು ಹುಡುಗಿಯರು ಸೇರಿದರು. ಅದರಲ್ಲಿ ಒಬ್ಬಳು ದೊಡ್ಡಪ್ಪನ ಮಗಳು! ಇದಪ್ಪಾ ಇತಿಹಾಸ. ಅಂತಸ್ತು, ಶೀಲ್ಡು ಎಲ್ಲ ಆಮೇಲೆ.

ಇದನ್ನೆಲ್ಲ ಬರೆದು ಕಳಿಸಿದೆ. ಕಳೆದ ವಾರ ಆ ವಿನಯದ ಟೀಚರ್ ಮತ್ತೆ ಫೋನ್ ಮಾಡಿದಳು. ಎಲ್ಲ ತುಂಬಾ ಚೆನ್ನಾಗಿದೆ ಮೇಡಂ, ಸಾಬೂನಿನ ಭಾಗ ಓದಿ ಅತ್ತುಬಿಟ್ಟೆವು, ಆದರೆ ಆ ದೊತೊರ್ನ್ ವಿಷಯ ಒಂದು ಬಿಡಬಹುದಾ ಅಂದಳು. ಕಮಿಟಿಯವರಿಗೆ ಭಯವಂತೆ. ಈಗಿನ ಕಾಲ ಸರಿಯಿಲ್ಲ, ಯಾರಾದರೂ ಅರ್ಧ ಓದಿ ತಪ್ಪು ತಿಳಿದು ಗಲಾಟೆ ಮಾಡಿದರೆ ಅಂತ.

ಸಿಟ್ಟು ನೆತ್ತಿಗೇರಿತು. ನಲವತ್ತೈವತ್ತು ವರ್ಷದ ಹಿಂದೆ, ಬಲೆಯ ಮುಂದೆ ಕೂತ ಅನಕ್ಷರಸ್ಥರಿಗೆ ಅರ್ಥವಾದದ್ದು ಈಗ ಇಷ್ಟೆಲ್ಲ ಓದಿದವರಿಗೆ ಅರ್ಥವಾಗುವುದಿಲ್ಲವೇ? ಬಯ್ಯಲು ಬಾಯಿ ತೆರೆದೆ. ತೆರೆದವಳಿಗೆ ನಗು ಬಂತು. ಗಲಾಟೆಗೆ ಹೆದರಿ ಒಂದನ್ನು ಬಿಟ್ಟುಬಿಡುವುದರಲ್ಲಿ ಈ ಶಾಲೆಗೇ ಫಸ್ಟ್ ಬಂದವಳು ನಾನಲ್ಲವೇ? ಆ ಹುಡುಗಿಗೆ ನಾನು ಏನಂತ ಬಯ್ಯಲಿ? ಬಿಡಮ್ಮ, ನಿಮ್ಮಲ್ಲಿ ಬೇಡವಾದರೆ ನನಗೊಂದು ಅಂಕಣ ಇದೆ ಅಂದೆ.

ಸಿಸ್ಟರ್ ಕೇರಿಗೆ ಬಂದುಹೋದ ಮರುದಿನ, ಆ ಸೋಮವಾರದ್ದೊಂದು ಹೇಳಿಬಿಡುತ್ತೇನೆ. ಸಾಬೂನು ಹಚ್ಚಿ ಮುಖ ತೊಳೆದು ಕ್ಲಾಸಿಗೆ ಹೊರಟವಳನ್ನು ಸಿಸ್ಟರ್ ಆಫೀಸಿಗೆ ಕರೆದರು. ಮೇಜಿನ ಮೇಲೆ ನನ್ನ ಪ್ರೋಗ್ರೆಸ್ ಕಾರ್ಡು. ದೊತೊರ್ನ್, ತೊಂಬತ್ತೆಂಟು.

"ಕಟ್ಟಳೆ ಎಷ್ಟು?"

"ಹತ್ತು, ಸಿಸ್ಟರ್."

"ನಿನ್ನೆ ಎಷ್ಟು ಹೇಳಿದೆ?"

"ಒಂಬತ್ತು. ದೊಡ್ಡಪ್ಪ ಇದ್ದರು, ಸಿಸ್ಟರ್."

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಬೆನ್ನು ಕುಲುಕುತ್ತಿತ್ತು. ತಿರುಗಿದಾಗ ಮುಖ ಮತ್ತೆ ಹೆಡ್‌ಮಿಸ್ಟ್ರೆಸ್‌ದೇ. ಪೆನ್ನು ಕೊಡು ಅಂದರು. ಅವರದೇ ಪೆನ್ನು, ಕೊಟ್ಟೆ. ತೊಂಬತ್ತೆಂಟನ್ನು ಹೊಡೆದುಹಾಕಿ ಎಂಬತ್ತೆಂಟು ಬರೆದರು. (ಆದರೂ ಫಸ್ಟ್ ನಾನೇ. ಎರಡನೆಯವಳು ಫಿಲ್ಲು, ಅರವತ್ತೆರಡು.) ಪೆನ್ನಿನ ಮುಚ್ಚಳ ಹಾಕಿ ನನಗೆ ವಾಪಸು ಕೊಡುತ್ತ, ಸಣ್ಣ ದನಿಯಲ್ಲಿ ಕೇಳಿದರು.

"ಒಂದನ್ನು ಬಿಟ್ಟದ್ದಕ್ಕೆ ನಿನಗೆ ಹತ್ತು ಮಾರ್ಕು ಕಡಿದೆ. ಕೇಳಿಸಿಕೊಂಡೂ ಸುಮ್ಮನೆ ಕೂತ ನನಗೆ ಎಷ್ಟು ಕಡಿಯಬೇಕು?"

ಸಿಸ್ಟರ್ ಈಗಿಲ್ಲ. ಪೆನ್ನು ನನ್ನ ಹತ್ತಿರವೇ ಇದೆ. ಈಗ ನೀವೇ ಹೇಳಿ, ಎಷ್ಟು ಕಡಿಯೋಣ?